ಕಿರುಬೊಂಬೆಗೆ ಯಾವ ಗರಗಸ?

ಇಳಕಲ್ಲಿನ ಸುತ್ತಣ ಗಣಿಗಳಲ್ಲಿ, ಉಕ್ಕಿನ ಮೊನೆಗೂ ಸುಲಭವಾಗಿ ಮಣಿಯದ ಕೆಂಪು ಗ್ರಾನೈಟಿನ ಮಹಾಬಂಡೆಯನ್ನು, ಒಂದೇ ಒಂದು ಹಲ್ಲೂ ಕಾಣದ ತಂತಿಯೊಂದು ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಸೀಳಿ ಬೇರ್ಪಡಿಸುವುದನ್ನು ಕಂಡವರು ಬಾಗಲಕೋಟೆಯ ಸೀಮೆಯಲ್ಲಿ ಅನೇಕರಿದ್ದಾರೆ. ಹುನಗುಂದದಲ್ಲಿಯೋ ಬಾದಾಮಿಯಲ್ಲಿಯೋ ಪತ್ತಾರರ ಅಂಗಡಿಯ ಮುಂದೆ ಕ್ಷಣಕಾಲ ನಿಂತವರು, ಕಾಲು ಮಿಲಿಮೀಟರಿನಷ್ಟೇ ದಪ್ಪವಾದ ಅಲಗೊಂದು ಬೆಳ್ಳಿಯ ತಗಡಿನಲ್ಲಿ ಬಳ್ಳಿಯ ಸುಳಿಗಳನ್ನು ಕೊರೆದು ತೆಗೆಯುವುದನ್ನೂ ಕಂಡಿರುತ್ತಾರೆ. ಹೀಗಿದ್ದರೂ, ಬೆರಳುದ್ದದ ಮರದ ಬೊಂಬೆಯ ಕಾಲನ್ನು ತುಸು ಓರೆಯಾಗಿ ಕೊಯ್ದು ಬೇರೆ ಭಂಗಿಯಲ್ಲಿ ಅಂಟಿಸಬೇಕೆಂದು ಬಯಸಿದವನು, ಬಡಿಗೇರರು ಅಂದೇ ಅರದಿಂದ ಮಸೆದುಕೊಟ್ಟ ಹರಿತವಾದ ಗರಗಸವನ್ನು ಹಿಡಿದು ಕುಳಿತರೆ, ಎರಡನೆಯ ಎಳೆತಕ್ಕೇ ಕಾಲು ಮುರಿದು ಕೈಗೆ ಬರುತ್ತದೆ. ಬಂಡೆಯನ್ನು ಸೀಳುವುದಕ್ಕೆ ಹಲ್ಲೇ ಬೇಡವಾಯಿತು. ಮೆತ್ತನೆಯ ಮರದ ಬೊಂಬೆಯನ್ನು ಕೊಯ್ಯುವುದಕ್ಕೆ ಅಷ್ಟೊಂದು ಹರಿತವಾದ ಹಲ್ಲುಗಳೂ ಒದಗಲಿಲ್ಲ. ಇದೇಕೆ ಹೀಗೆ?

ಗಟ್ಟಿ ವಸ್ತುವಿಗೆ ಗಟ್ಟಿ ಗರಗಸ, ಸಣ್ಣ ವಸ್ತುವಿಗೆ ಸಣ್ಣ ಗರಗಸ ಎಂಬ ಉತ್ತರ ಎಲ್ಲರಿಗೂ ಅರ್ಧ ತಿಳಿದೇ ಇದೆ. ಆದರೆ ಅಂಗಡಿಯಲ್ಲಿ ನಿಂತು ಹತ್ತು ಬಗೆಯ ಅಲಗುಗಳ ಮುಂದೆ ಆರಿಸಬೇಕಾಗಿ ಬಂದಾಗ ಆ ಅರ್ಧ ತಿಳಿವಳಿಕೆ ಸಾಲದು. ಎಷ್ಟು ಸಣ್ಣದು, ಏತರಲ್ಲಿ ಸಣ್ಣದು, ಅತಿ ಸಣ್ಣದಾದರೆ ಕೇಡೇನು ಎಂಬುದನ್ನು ಕಾರಣಸಹಿತ ಅರಿತವನು, ದಸರೆಯ ಮೆಟ್ಟಿಲಿಗೆ ಹೊಸ ಬೊಂಬೆಯನ್ನು ಮಾಡುವಾಗಲೂ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ತನ್ನ ಮನೆಯನ್ನು ಅಂಗೈಯಗಲದ ಮರದ ಪ್ರತಿಕೃತಿಯಲ್ಲಿ ಮತ್ತೆ ಕಟ್ಟಿ ನೋಡಬಯಸುವಾಗಲೂ, ಕೈಗೆ ಸಿಕ್ಕ ಅಲಗನ್ನು ನಂಬಿ ವಸ್ತುವನ್ನು ಕೆಡಿಸಿಕೊಳ್ಳಬೇಕಾಗಿಲ್ಲ.

ಹಲ್ಲಿನ ಕಡಿತ

ಗರಗಸವೆಂದರೆ ಒಂದರ ಹಿಂದೊಂದು ಸಾಲಾಗಿ ನಿಂತ ಅತಿ ಪುಟ್ಟ ಉಳಿಗಳ ಪಂಕ್ತಿ. ಪ್ರತಿಯೊಂದು ಹಲ್ಲೂ ವಸ್ತುವಿನೊಳಕ್ಕೆ ತುಸು ಇಳಿದು, ಎದುರಿಗೆ ಸಿಕ್ಕ ತೆಳುವಾದ ಪದರವೊಂದನ್ನು ಎಬ್ಬಿಸಿ, ಅದನ್ನು ಪುಡಿಯಾಗಿ ಹೊರಗೆ ಒಯ್ಯುತ್ತದೆ. ಹಲ್ಲೊಂದು ಒಂದು ಸಲಕ್ಕೆ ಎಬ್ಬಿಸುವ ಈ ಪದರದ ದಪ್ಪವನ್ನು ನಾವು ಇಲ್ಲಿ ‘ಕಡಿತ’ವೆಂದು ಕರೆಯೋಣ. ಕಡಿತ ಹೆಚ್ಚಿದಂತೆ ಕೈ ಹಾಕಬೇಕಾದ ಬಲ ಹೆಚ್ಚುತ್ತದೆ ಎಂಬುದು ಎಲ್ಲರ ಅನುಭವದಲ್ಲಿರುವ ಸಂಗತಿ. ಆದರೆ ಅಷ್ಟೇ ಬಲವನ್ನು ಆ ವಸ್ತುವೂ ತನ್ನ ಅತ್ಯಂತ ದುರ್ಬಲವಾದ ಸ್ಥಳದಲ್ಲಿ ತಡೆದುಕೊಂಡು ನಿಲ್ಲಬೇಕಾಗುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ತೊಲೆಯನ್ನು ಕೊಯ್ಯುವಾಗ ಮರೆತರೆ ಬಾಧಕವಿಲ್ಲ, ಏಕೆಂದರೆ ತೊಲೆಗೆ ಆ ಬಲ ಲೆಕ್ಕಕ್ಕೇ ಇಲ್ಲ. ಬೊಂಬೆಯ ವಿಷಯ ಹಾಗಲ್ಲ. ಒಂದು ಮರದ ವಿಗ್ರಹವನ್ನು ಎಲ್ಲ ಅಳತೆಗಳಲ್ಲಿಯೂ ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಅದರ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣವು ಹತ್ತರಲ್ಲೊಂದಲ್ಲ, ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಮತ್ತು ಕಾಲು ತಡೆದುಕೊಳ್ಳಬಲ್ಲ ಬಲವೂ ಅದರೊಂದಿಗೆ ಸುಮಾರು ನೂರರಲ್ಲೊಂದಾಗುತ್ತದೆ. ವಿಗ್ರಹ ಕಿರಿದಾಯಿತು, ಅದರ ಬಲ ಅದಕ್ಕಿಂತಲೂ ಬಹುವಾಗಿ ಕಿರಿದಾಯಿತು. ಬಡಿಗೇರರ ಗರಗಸದ ಹಲ್ಲು ಮಾತ್ರ ಹಿಂದಿನಷ್ಟೇ ದೊಡ್ಡದಾಗಿ ಉಳಿದು, ಹಿಂದಿನಷ್ಟೇ ಕಡಿತವನ್ನು ಬೇಡುತ್ತಿದೆ.

ನಮ್ಮ ಸೀಮೆಯ ಖಡಕ್ ರೊಟ್ಟಿಯನ್ನು ತಿನ್ನುವವರೆಲ್ಲ ಈ ನ್ಯಾಯವನ್ನು ಅರಿಯದೆಯೇ ಪಾಲಿಸುತ್ತಾರೆ: ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕಚ್ಚಿದರೆ ರೊಟ್ಟಿ ಕಚ್ಚಿದ ಕಡೆಯಲ್ಲಿಯೇ ತುಂಡಾಗುತ್ತದೆ, ಬಾಯ್ತುಂಬ ಕಚ್ಚಹೋದರೆ ಬಿರುಕು ತನಗೆ ಬೇಕಾದ ಕಡೆಗೆ ಓಡಿ ರೊಟ್ಟಿಯೆಲ್ಲ ಚೂರಾಗಿ ತಟ್ಟೆಗೆ ಉದುರುತ್ತದೆ. ರೊಟ್ಟಿಯ ಗಟ್ಟಿತನ ಎರಡು ಸಲವೂ ಒಂದೇ, ಬೇರೆಯಾದದ್ದು ಕಡಿತ.

ಎರಡು ಮೂರು ಹಲ್ಲುಗಳ ನಿಯಮ

ಇನ್ನು ಈ ಕಡಿತವನ್ನು ಅಳತೆಗೆ ತರುವ ಉಪಾಯವೇನು? ಅಂಗಡಿಯಲ್ಲಿ ಅಲಗಿನ ಹಲ್ಲುಗಳನ್ನು ಅಂಗುಲಕ್ಕಿಷ್ಟು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಅಂಗುಲಕ್ಕೆ 18, 24, 32 ಹಲ್ಲುಗಳಲ್ಲಿ ಸಿಗುತ್ತದೆ. ಬಡಿಗೇರರ ಸಾಮಾನ್ಯ ಗರಗಸದಲ್ಲಿ ಏಳೆಂಟು ಹಲ್ಲುಗಳಿರುತ್ತವೆ. ಈ ಸಂಖ್ಯೆಯನ್ನು ನೇರವಾಗಿ ನೆನಪಿಟ್ಟುಕೊಳ್ಳುವುದಕ್ಕಿಂತ, ಒಂದು ಹಲ್ಲಿನ ಮೊನೆಯಿಂದ ಮುಂದಿನ ಹಲ್ಲಿನ ಮೊನೆಗಿರುವ ದೂರವನ್ನು, ಎಂದರೆ ‘ಹಲ್ಲಂತರ’ವನ್ನು, ಗಣಿಸಿಕೊಳ್ಳುವುದು ಮೇಲು. ಅಂಗುಲಕ್ಕೆ 25.4 ಮಿಲಿಮೀಟರು. ಎಂಟು ಹಲ್ಲಿನ ಗರಗಸದ ಹಲ್ಲಂತರ ಮೂರು ಮಿಲಿಮೀಟರಿಗೂ ತುಸು ಮಿಗಿಲು. 32 ಹಲ್ಲಿನ ಹ್ಯಾಕ್ಸಾದ್ದು ಸುಮಾರು 0.8 ಮಿಲಿಮೀಟರು.

ಈಗ ಆ ಮುರಿದ ಬೊಂಬೆಯ ಕಡೆಗೆ ನೋಡೋಣ. ಅದರ ಕಣಕಾಲಿನ ದಪ್ಪ ಮೂರು ಮಿಲಿಮೀಟರು ಎಂದಿಟ್ಟುಕೊಂಡರೆ, ಅದು ಬಡಿಗೇರರ ಗರಗಸದ ಎರಡು ಹಲ್ಲುಗಳ ನಡುವಣ ಹೊಂಡದಲ್ಲಿ ಇಡಿಯಾಗಿ ಇಳಿದು ಕುಳಿತುಬಿಡುತ್ತದೆ. ಅನಂತರ ಗರಗಸವನ್ನು ಎಳೆದಾಗ ಹಿಂದಿನ ಹಲ್ಲು ಕಣಕಾಲನ್ನು ಮೇಲಿನಿಂದ ಕೊಯ್ಯುವುದೇ ಇಲ್ಲ, ಪಕ್ಕದಿಂದ ಬಂದು ತನ್ನ ಪೂರ್ಣ ಎತ್ತರದಿಂದ ಹೊಡೆಯುತ್ತದೆ. ಮರವಾದರೆ ಮುರಿಯುತ್ತದೆ, ತೆಳುವಾದ ಕಬ್ಬಿಣದ ತಗಡಾದರೆ ವಸ್ತು ಉಳಿದು ಗರಗಸದ ಹಲ್ಲೇ ಮುರಿದು ಬೀಳುತ್ತದೆ. ಡಬ್ಬಿಯ ತಗಡನ್ನು ಒರಟು ಹ್ಯಾಕ್ಸಾದಿಂದ ಕೊಯ್ಯಹೋಗಿ ಬ್ಲೇಡು ಬೋಳಾದದ್ದನ್ನು ಕಂಡವರಿಗೆ ಇದು ಹೊಸತಲ್ಲ. ಆದುದರಿಂದಲೇ ಕೊಯ್ಯುವ ವಸ್ತುವಿನ ದಪ್ಪದೊಳಗೆ ಯಾವ ಕ್ಷಣದಲ್ಲಿಯೂ ಎರಡು ಹಲ್ಲುಗಳಾದರೂ, ಸಾಧ್ಯವಾದರೆ ಮೂರು, ಕೂಡಿ ನಿಂತಿರಬೇಕೆಂಬ ನಿಯಮ ಬಂದಿದೆ. ಒಂದು ಹಲ್ಲು ಕಚ್ಚುತ್ತಿರುವಾಗ ಅದರ ಮುಂದಣ ಮತ್ತು ಹಿಂದಣ ಹಲ್ಲುಗಳು ವಸ್ತುವಿನ ಮೇಲೆ ಊರಿಕೊಂಡು, ಅದು ಮಿತಿಮೀರಿ ಒಳಗಿಳಿಯದಂತೆ ತಡೆಯುತ್ತವೆ. ನೆರೆಯವರಿಲ್ಲದ ಹಲ್ಲಿನ ಕಡಿತಕ್ಕೆ ಮಿತಿಯೇ ಇಲ್ಲ. ಅದೇ ಕಣಕಾಲಿಗೆ 32 ಹಲ್ಲಿನ ಹ್ಯಾಕ್ಸಾ ಹಿಡಿದರೆ ಮೂರು ನಾಲ್ಕು ಹಲ್ಲುಗಳೂ, ಅಂಗುಲಕ್ಕೆ ಸುಮಾರು ಐವತ್ತು ಹಲ್ಲುಗಳುಳ್ಳ, ಪ್ರತಿಕೃತಿಗಾರರು ಬಳಸುವ ರೇಜರ್ ಗರಗಸ ಹಿಡಿದರೆ ಆರು ಹಲ್ಲುಗಳೂ ಒಟ್ಟಿಗೆ ಊರುತ್ತವೆ.

ಪತ್ತಾರರ ಅಲಗುಗಳಿಗೆ ಹೆಸರಿಡುವ ಕ್ರಮ ಬೇರೆ. ಅಲ್ಲಿ 1, 2, 3 ಎಂದು ಮೇಲೇರಿದಂತೆ ಅಲಗು ದಪ್ಪವಾಗುತ್ತದೆ. ಸೊನ್ನೆಗಿಂತ ಕೆಳಗೆ 2/0, 4/0, 8/0 ಎಂದು ಮುಂದಿನ ಅಂಕೆ ಹೆಚ್ಚಿದಂತೆ ತೆಳುವಾಗುತ್ತದೆ. 2/0 ಅಲಗಿನ ದಪ್ಪ ಸುಮಾರು 0.26 ಮಿಲಿಮೀಟರು, ಹಲ್ಲುಗಳು ಅಂಗುಲಕ್ಕೆ ಸುಮಾರು 56. 8/0 ಅಲಗಿನ ದಪ್ಪ ಸುಮಾರು 0.16 ಮಿಲಿಮೀಟರು, ಹಲ್ಲುಗಳು ತೊಂಬತ್ತರ ಸಮೀಪ. ಬೊಂಬೆ ಮಾಡುವವರಿಗೆ ನಾನು ಮೊದಲು ಹೇಳುವುದು 2/0 ಅಲಗನ್ನೇ. ಅದಕ್ಕಿಂತ ತೆಳುವಾದುದು ಹೊಸ ಕೈಯಲ್ಲಿ ನಿಲ್ಲದು. ಅದಕ್ಕಿಂತ ದಪ್ಪನಾದುದು ಬೊಂಬೆಯ ಬೆರಳು ಮೂಗುಗಳನ್ನು ಬಿಡದು.

ಪುಡಿಗೆ ಎಡೆ

ಹಾಗಾದರೆ ಎಲ್ಲಕ್ಕೂ ಅತಿ ಸಣ್ಣ ಹಲ್ಲನ್ನೇ ಹಿಡಿದರಾಯಿತಲ್ಲ ಎಂದರೆ ಅದಕ್ಕೂ ಅಡ್ಡಿಯಿದೆ. ಹಲ್ಲು ಎಬ್ಬಿಸಿದ ಪುಡಿ ವಸ್ತುವಿನಿಂದ ಹೊರಬೀಳುವವರೆಗೆ ಹಲ್ಲುಗಳ ನಡುವಣ ಗುಳಿಯಲ್ಲಿಯೇ ಕುಳಿತು ಪಯಣಿಸಬೇಕು. ಗಟ್ಟಿಯಾಗಿದ್ದಾಗ ಒಂದು ಪಾಲು ಜಾಗ ಹಿಡಿದಿದ್ದ ಮರ ಸಡಿಲವಾದ ಹೊಟ್ಟಾದಾಗ ಅದರ ಹಲವು ಪಾಲು ಜಾಗವನ್ನು ಬೇಡುತ್ತದೆ. ದಪ್ಪ ಮರದಲ್ಲಿ ಸಣ್ಣ ಹಲ್ಲುಗಳ ಗುಳಿಗಳು ಅರ್ಧ ದಾರಿಯಲ್ಲಿಯೇ ತುಂಬಿಹೋಗಿ, ಅಲ್ಲಿಂದಾಚೆಗೆ ಹಲ್ಲಿನ ಮೊನೆ ಮರವನ್ನು ಮುಟ್ಟದೆ ಗರಗಸವು ತನ್ನ ಹೊಟ್ಟಿನ ಮೇಲೆಯೇ ಜಾರುತ್ತದೆ. ಇಳಕಲ್ಲಿನ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳಂಥ ಹಗುರ ಮರದ ಕೆಲಸದಲ್ಲಿ, ದಿಮ್ಮಿಯಿಂದ ಆಕಾರವನ್ನು ಬಿಡಿಸಿಕೊಳ್ಳಲು ದೊಡ್ಡ ಹಲ್ಲು, ಮುಖ ಬೆರಳುಗಳ ಸಮೀಪಕ್ಕೆ ಸಣ್ಣ ಹಲ್ಲು ಎಂಬ ವಿಭಾಗ ಆದುದರಿಂದ ಯುಕ್ತ. ತವರ ಮಿಶ್ರಿತ ಮೆದು ಲೋಹದ ಬೊಂಬೆಗಳಲ್ಲಿ ಪುಡಿ ಉದುರುವ ಬದಲು ಗುಳಿಗೆ ಮೆತ್ತಿಕೊಳ್ಳುವುದರಿಂದ, ಅದಕ್ಕೆ ಒಂದೆರಡು ನಂಬರು ದಪ್ಪನಾದ ಅಲಗನ್ನು ಹಿಡಿದು, ಜೇನುಮೇಣವನ್ನು ತುಸು ಸವರಿಕೊಳ್ಳಬೇಕು.

ಸೀಳು ತಿನ್ನುವ ಅಗಲ

ಗರಗಸ ಹೋದ ದಾರಿಯಲ್ಲಿ ವಸ್ತುವಿನ ಒಂದಂಶ ಪುಡಿಯಾಗಿ ನಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಕರ್ಫ್ ಎನಿಸಿಕೊಳ್ಳುವ ಈ ನಷ್ಟದ ಅಗಲವನ್ನು ‘ಸೀಳಗಲ’ ಎನ್ನೋಣ. ಅಲಗು ತನ್ನದೇ ಸೀಳಿನಲ್ಲಿ ಸಿಕ್ಕಿಕೊಳ್ಳಬಾರದೆಂದು ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿ ಬಗ್ಗಿಸಿರುತ್ತಾರೆ. ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ಹಲ್ಲುಗಳ ಸಾಲೇ ಅಲೆಯಲೆಯಾಗಿ ಅತ್ತಿತ್ತ ಬಳುಕಿರುವುದನ್ನು ಬೆಳಕಿಗೆ ಹಿಡಿದು ನೋಡಬಹುದು. ಆದಕಾರಣ ಸೀಳಗಲವು ಅಲಗಿನ ದಪ್ಪಕ್ಕಿಂತ ಸಾಮಾನ್ಯವಾಗಿ ಹೆಚ್ಚು: 0.6 ಮಿಲಿಮೀಟರು ದಪ್ಪದ ಹ್ಯಾಕ್ಸಾ ಬ್ಲೇಡು ಒಂದು ಮಿಲಿಮೀಟರಿನ ಹತ್ತಿರ ಹತ್ತಿರ ತಿನ್ನುತ್ತದೆ.

ಒಂದು ಮಿಲಿಮೀಟರು ಎಂದರೆ ಏನು ಮಹಾ ಎನ್ನಬಾರದು. ಆರಡಿಯ ಮನುಷ್ಯನನ್ನು ಆರು ಸೆಂಟಿಮೀಟರಿನ ಬೊಂಬೆಯಾಗಿ ಮಾಡಿದಾಗ ಮೂವತ್ತಕ್ಕೆ ಒಂದರ ಪ್ರಮಾಣವಾಯಿತು. ಆ ಬೊಂಬೆಯ ಮೊಣಕಾಲಿನಲ್ಲಿ ಒಂದು ಮಿಲಿಮೀಟರನ್ನು ಗರಗಸ ತಿಂದರೆ ಮನುಷ್ಯನ ಕಾಲಿನಲ್ಲಿ ಮೂರು ಸೆಂಟಿಮೀಟರು ಹೋದಂತೆ. ಅಂಟಿಸಿ ನಿಲ್ಲಿಸಿದ ಮೇಲೆ ಬೊಂಬೆ ಕುಂಟಾಗಿ ಕಾಣುವುದೇಕೆಂದು ಎಷ್ಟೋ ಮಂದಿ ಅಂಟನ್ನು ದೂಷಿಸುತ್ತಾರೆ, ತಪ್ಪು ಸೀಳಗಲದ್ದು. ಕಾಲು ಮಿಲಿಮೀಟರಿನ ಅಲಗಾದರೆ ನಷ್ಟ ಮನುಷ್ಯನ ಅಳತೆಯಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿಗೆ ಇಳಿದು, ಕಣ್ಣಿಗೆ ಮರೆಯಾಗುತ್ತದೆ.

ಕಿರಿದರಲ್ಲಿ ಅಂದಕ್ಕೆ ತಗಲುವ ಈ ನಷ್ಟ ಹಿರಿದರಲ್ಲಿ ಹಣಕ್ಕೆ ತಗಲುತ್ತದೆ. ಗ್ರಾನೈಟನ್ನು ಹಲಗೆಗಳಾಗಿ ಸೀಳುವ ಕಾರ್ಖಾನೆಗಳಲ್ಲಿ ಎರಡು ಸೆಂಟಿಮೀಟರು ದಪ್ಪದ ಹಲಗೆಗೊಮ್ಮೆ ಐದು ಮಿಲಿಮೀಟರಿನ ಸೀಳಗಲ ಬಿಟ್ಟರೆ, ಕೋಟ್ಯಂತರ ವರ್ಷಗಳಿಂದ ನೆಲದೊಳಗೆ ಗಟ್ಟಿಯಾಗಿ ನಿಂತ ಕಲ್ಲಿನ ಐದರಲ್ಲೊಂದು ಪಾಲು ಕೆಸರಾಗಿ ಹರಿದುಹೋಗುತ್ತದೆ.

ತೆಳುವಾದುದು ನಿಲ್ಲುವುದು ಹೇಗೆ?

ಅಲಗು ತೆಳುವಾಗಬೇಕೆಂದು ನಾವು ನಿರ್ಧರಿಸಿದ ಕೂಡಲೇ ಇನ್ನೊಂದು ಕಷ್ಟ ಎದುರಾಗುತ್ತದೆ. ಹಲಗೆಯೊಂದನ್ನು ತುದಿಯಿಂದ ನೂಕಿದಾಗ ಅದು ಬಳುಕದೆ ನಿಲ್ಲುವ ಶಕ್ತಿ ಅದರ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಆ ಶಕ್ತಿ ಎಂಟರಲ್ಲೊಂದಾಗುತ್ತದೆ. ಹೀಗೆ ಕಾಲು ಮಿಲಿಮೀಟರಿನ ಅಲಗನ್ನು ನೂಕಿ ಕೊಯ್ಯುವುದು ಅಸಾಧ್ಯ. ಆದರೆ ಅದೇ ಅಲಗನ್ನು ಎಳೆದು ಹಿಡಿದರೆ ಬಳುಕುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಎಳೆತವು ಯಾವ ವಸ್ತುವನ್ನಾದರೂ ನೆಟ್ಟಗೆ ಮಾಡುತ್ತದೆಯೇ ಹೊರತು ಡೊಂಕು ಮಾಡುವುದಿಲ್ಲ. ಜಪಾನಿನ ಬಡಗಿಗಳು ತೆಳುವಾದ ಗರಗಸವನ್ನು ತಮ್ಮ ಕಡೆಗೆ ಎಳೆಯುವಾಗ ಕೊಯ್ಯುವಂತೆ ಹಲ್ಲು ತಿದ್ದಿಕೊಂಡದ್ದೂ, ರೇಜರ್ ಗರಗಸದ ಬೆನ್ನಿಗೆ ಗಟ್ಟಿಯಾದ ಲೋಹದ ಪಟ್ಟಿಯನ್ನು ಹೊಲಿದಂತೆ ಕೂರಿಸುವುದೂ ಈ ಒಂದೇ ಕಷ್ಟಕ್ಕೆ ಕಂಡುಕೊಂಡ ಪರಿಹಾರಗಳು.

ಎಲ್ಲಕ್ಕೂ ಸುಂದರವಾದ ಪರಿಹಾರ ಪತ್ತಾರರದು. ಕೆಲಸಕ್ಕೆ ಕುಳಿತವರು ಮೊದಲು ಬೆಳ್ಳಿಯ ತಗಡಿನ ಮೇಲೆ ಗೀರಿದ ಚಿತ್ರದೊಳಗೆ ಸಣ್ಣ ತೂತೊಂದನ್ನು ಕೊರೆದು, ಅಲಗಿನ ಒಂದು ತುದಿಯನ್ನು ಅದರೊಳಗೆ ತೂರಿಸಿ, ಹಲ್ಲುಗಳು ಹೊರಮುಖವಾಗಿಯೂ ಹಿಡಿಯ ಕಡೆಗೆ ಬಾಗಿಯೂ ಇರುವಂತೆ ಬೆರಳಿನಿಂದ ತಡವಿ ಖಚಿತಪಡಿಸಿಕೊಂಡು, ಒಂದು ತಿರುಪನ್ನು ಬಿಗಿಯುತ್ತಾರೆ. ಅನಂತರ ಚೌಕಟ್ಟನ್ನು ಮಣೆಯ ಅಂಚಿಗೂ ತಮ್ಮ ಎದೆಗೂ ನಡುವೆ ಒತ್ತಿ, ಅದು ತುಸು ಬಾಗಿದ ಸ್ಥಿತಿಯಲ್ಲಿಯೇ ಅಲಗಿನ ಇನ್ನೊಂದು ತುದಿಯನ್ನು ಬಿಗಿದು, ಒತ್ತುವುದನ್ನು ಬಿಟ್ಟುಬಿಡುತ್ತಾರೆ. ಚೌಕಟ್ಟು ಮೊದಲಿನ ಆಕಾರಕ್ಕೆ ಮರಳಲು ಹವಣಿಸಿ ಅಲಗನ್ನು ಸೆಟೆದು ನಿಲ್ಲಿಸುತ್ತದೆ. ಉಗುರಿನಿಂದ ಮೀಟಿ ಕೇಳಿದಾಗ ನಾದ ತಾರಸ್ಥಾಯಿಯಲ್ಲಿದ್ದರೆ ಅಲಗು ಸಿದ್ಧ. ಮಂದವಾಗಿದ್ದರೆ ಮತ್ತೆ ಬಿಗಿಯಬೇಕು. ತಗಡನ್ನು ಸೀಳುಳ್ಳ ಮರದ ತುಂಡಿನ ಮೇಲೆ ಒತ್ತಿ ಹಿಡಿದು, ಅಲಗನ್ನು ನೇರವಾಗಿ ಮೇಲೆ ಕೆಳಗೆ ಆಡಿಸುತ್ತಾರೆ. ಹಲ್ಲುಗಳು ಕೆಳಮುಖವಾಗಿರುವುದರಿಂದ ಕೊಯ್ತವೆಲ್ಲ ಕೆಳಗೆಳೆಯುವಾಗಲೇ ನಡೆಯುತ್ತದೆ. ತಿರುವು ಬಂದ ಕಡೆ ಅಲಗನ್ನು ಮುಂದೊತ್ತದೆ, ನಿಂತಲ್ಲಿಯೇ ಮೇಲೆ ಕೆಳಗೆ ಆಡಿಸುತ್ತ ತಗಡನ್ನೇ ಮೆಲ್ಲನೆ ತಿರುಗಿಸುತ್ತಾರೆ. ತಗಡು ಬಹಳ ತೆಳುವಾಗಿ ಎರಡು ಹಲ್ಲುಗಳ ನಿಯಮ ಕೆಡುವಂತಿದ್ದರೆ ಅಲಗನ್ನು ತುಸು ಮುಂದಕ್ಕೆ ಓರೆ ಮಾಡುತ್ತಾರೆ. ಓರೆಯಾಗಿ ಹಾದುಹೋಗುವ ದಾರಿ ನೇರ ದಾರಿಗಿಂತ ಉದ್ದವಾದುದರಿಂದ ಅದೇ ತಗಡಿನೊಳಗೆ ಹೆಚ್ಚು ಹಲ್ಲುಗಳಿಗೆ ಎಡೆಯಾಗುತ್ತದೆ. ಯಾವ ಪುಸ್ತಕವನ್ನೂ ಓದದೆ ಕೈಯಿಂದ ಕೈಗೆ ಬಂದ ಈ ಜ್ಞಾನದ ಮುಂದೆ ನನಗೆ ಅತ್ಯಂತ ಗೌರವವಿದೆ; ಬೊಂಬೆಯ ಹವ್ಯಾಸಿ ಒಂದು ಮಧ್ಯಾಹ್ನ ಅಲ್ಲಿ ಕುಳಿತು ನೋಡಿದರೆ ಅಲಗು ಕೊಳ್ಳುವ ಮೊದಲೇ ಅರ್ಧ ವಿದ್ಯೆ ಬಂದಂತೆ.

ಬಿಸಿಯೆಂಬ ಶತ್ರು

ಪ್ಲಾಸ್ಟಿಕ್ ಬೊಂಬೆಗಳನ್ನು ಕೊಯ್ಯುವಾಗ ಮಾತ್ರ ಮತ್ತೊಂದು ಸಂಗತಿ ಸೇರುತ್ತದೆ. ಉಜ್ಜಾಟದಿಂದ ಹುಟ್ಟಿದ ಬಿಸಿಯನ್ನು ಬೆಳ್ಳಿ, ತಾಮ್ರಗಳು ಕ್ಷಣದಲ್ಲಿ ತಮ್ಮ ಮೈಯೆಲ್ಲ ಹಂಚಿಬಿಡುತ್ತವೆ. ಪ್ರತಿಕೃತಿಗಳಿಗೆ ಬಳಸುವ ಪಾಲಿಸ್ಟೈರೀನ್ ಬಿಸಿಯನ್ನು ಮುಂದೆ ಸಾಗಿಸುವುದರಲ್ಲಿ ತಾಮ್ರಕ್ಕಿಂತ ಸಾವಿರಾರು ಪಾಲು ಹಿಂದು, ಮೇಲಾಗಿ ನೀರು ಕುದಿಯುವಷ್ಟು ಬಿಸಿಗೇ ಮೆದುವಾಗತೊಡಗುತ್ತದೆ. ಅವಸರದಿಂದ ಕೊಯ್ದರೆ ಪುಡಿ ಕರಗಿ ಸೀಳಿನಲ್ಲಿಯೇ ಮತ್ತೆ ಬೆಸೆದುಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಕೈ ನಿಧಾನವಾಗಲಿ, ಒತ್ತುವಿಕೆ ಹಗುರವಾಗಲಿ, ಒಂದು ಹನಿ ನೀರಿರಲಿ. ರಾಳದಿಂದ ಎರಕ ಹೊಯ್ದ ಬೊಂಬೆಯಾದರೆ ನೀರು ಇನ್ನೊಂದು ಕಾರಣಕ್ಕೂ ಬೇಕು: ಆ ನುಣುಪಾದ ಪುಡಿ ಶ್ವಾಸಕೋಶಕ್ಕೆ ಸೇರಬಾರದು.

ಹಲ್ಲಿಲ್ಲದ ತಂತಿ

ಇಷ್ಟನ್ನು ತಿಳಿದ ಮೇಲೆ ಇಳಕಲ್ಲಿನ ತಂತಿಯ ಗುಟ್ಟು ದೂರದಲ್ಲಿಲ್ಲ. ಗ್ರಾನೈಟಿನಲ್ಲಿ ಮುಖ್ಯವಾಗಿರುವ ಫೆಲ್ಡ್‌ಸ್ಪಾರು, ಬೆಣಚು ಎಂಬ ಖನಿಜಗಳು ಹತ್ತು ಮೆಟ್ಟಿಲುಗಳ ಮೋಸ್ ಗಡಸುತನದ ಕ್ರಮದಲ್ಲಿ ಆರನೆಯ ಮತ್ತು ಏಳನೆಯ ಮೆಟ್ಟಿಲಿನವು; ಇಳಕಲ್ ಕಲ್ಲಿನ ಕೆಂಬಣ್ಣ ಆ ಫೆಲ್ಡ್‌ಸ್ಪಾರಿನದೇ. ಗರಗಸದ ಉಕ್ಕು ಹೆಚ್ಚೆಂದರೆ ಆರರ ಆಸುಪಾಸಿನಲ್ಲಿ ನಿಲ್ಲುತ್ತದೆ; ಬೆಣಚಿನ ಮೇಲೆ ಉಜ್ಜಿದರೆ ಸವೆಯುವುದು ಉಕ್ಕೇ. ಹತ್ತನೆಯ ಮೆಟ್ಟಿಲಿನಲ್ಲಿರುವ ವಜ್ರ ಇದಕ್ಕೆ ತಕ್ಕ ಹಲ್ಲು. ಗಣಿಯ ತಂತಿ ವಾಸ್ತವವಾಗಿ ಉಕ್ಕಿನ ಹುರಿ. ಅದರ ಮೇಲೆ ಮೀಟರಿಗೆ ಸುಮಾರು 40ರಂತೆ ಮಣಿಗಳನ್ನು ಪೋಣಿಸಿ, ಪ್ರತಿ ಮಣಿಯ ಮೈಯಲ್ಲಿ ಲೋಹದೊಳಗೆ ವಜ್ರದ ಹರಳುಗಳನ್ನು ಹುದುಗಿಸಿರುತ್ತಾರೆ. ಬಂಡೆಯಲ್ಲಿ ಕೊರೆದ ಎರಡು ತೂತುಗಳು ಒಳಗೆ ಸಂಧಿಸುವಲ್ಲಿ ಹಾಯಿಸಿದ ತಂತಿಯನ್ನು ಉಂಗುರವಾಗಿ ಕೂಡಿಸಿ, ಹಳಿಯ ಮೇಲೆ ಹಿಂದೆ ಸರಿಯುತ್ತ ಹೋಗುವ ಯಂತ್ರವೊಂದು ಅದನ್ನು ಸದಾ ಸೆಟೆದು ಹಿಡಿದು ವೇಗವಾಗಿ ಸುತ್ತಿಸುತ್ತದೆ. ನೀರು ಎಡೆಬಿಡದೆ ಸುರಿಯುತ್ತಿರುತ್ತದೆ. ಹರಳೊಂದು ಕಲ್ಲಿನಲ್ಲಿ ಮಾಡುವ ಕಡಿತ ಕಣ್ಣಿಗೆ ಕಾಣದಷ್ಟು ಅಲ್ಪ. ಅದು ಕಲ್ಲಿನಲ್ಲಿ ಸೂಕ್ಷ್ಮವಾದ ಬಿರುಕೊಂದನ್ನು ಎಬ್ಬಿಸುತ್ತದೆ, ಹಿಂದೆ ಬಂದ ಹರಳು ಆ ಬಿರುಕಿನ ಚೂರನ್ನು ಕಿತ್ತೊಯ್ಯುತ್ತದೆ. ಮೊನೆ ಹೋದ ಹರಳು ಉದುರಿದಾಗ ಸುತ್ತಲಿನ ಲೋಹವೂ ಸವೆದು ಒಳಗಿನ ಹೊಸ ಹರಳು ಹೊರಬರುತ್ತದೆ. ಹೀಗೆ ಹಲ್ಲಿಲ್ಲವೆಂದು ನಾವು ಬಗೆದ ಗರಗಸದಲ್ಲಿ ಲೆಕ್ಕಕ್ಕೆ ಸಿಗದಷ್ಟು ಹಲ್ಲುಗಳಿವೆ. ಸೆಟೆದ ತೆಳು ಮೈ, ಅತ್ಯಲ್ಪವಾದ ಕಡಿತ, ಒಟ್ಟಿಗೆ ಊರುವ ಅನೇಕ ಹಲ್ಲುಗಳು: ಗಣಿಯ ತಂತಿಯೂ ಪತ್ತಾರರ ಅಲಗೂ ಒಂದೇ ತತ್ತ್ವದ ಎರಡು ರೂಪಗಳು.

ಬಾದಾಮಿಯ ಮರಳುಗಲ್ಲಿನಲ್ಲಿ ಕಿರುಗುಡಿಯನ್ನು ಮಾಡಬಯಸುವ ಹವ್ಯಾಸಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ಮಾತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಮೇಲಣ ಅಂತಸ್ತುಗಳಲ್ಲಿ ಸಾಲಾಗಿ ನಿಂತ ಕಿರುಗುಡಿಗಳನ್ನು ಎಂಟನೆಯ ಶತಮಾನದ ಶಿಲ್ಪಿಗಳು ಉಳಿಯಿಂದ ಬಿಡಿಸಿದರು. ಉಳಿಯ ಏಟನ್ನು ತಾಳಿಕೊಳ್ಳುವ ಗಾತ್ರ ಅವುಗಳಿಗಿತ್ತು. ಅಂಗೈಯ ಮೇಲೆ ಕೂರುವ ಕಲ್ಲಿನ ಗುಡಿ ಆ ಏಟನ್ನು ತಾಳದು. ಮರಳುಗಲ್ಲು ಮೆದುವಾಗಿ ತೋರಿದರೂ, ಮೆದುವಾದುದು ಅದರ ಕಣಗಳನ್ನು ಅಂಟಿಸಿದ ಬೆಸುಗೆ ಮಾತ್ರ. ಕಣಗಳು ಅದೇ ಏಳನೆಯ ಮೆಟ್ಟಿಲಿನ ಬೆಣಚು. ಆದುದರಿಂದ ಹ್ಯಾಕ್ಸಾ ಬ್ಲೇಡು ಮೊದಲ ಕೆಲವು ಎಳೆತಗಳಲ್ಲಿ ಸಲೀಸಾಗಿ ಇಳಿದು, ಅನಂತರ ಹಲ್ಲು ಸವೆದು ನಿಂತುಬಿಡುತ್ತದೆ. ಇದಕ್ಕೆ ವಜ್ರದ ಪುಡಿಯನ್ನು ಲೇಪಿಸಿದ ತೆಳು ತಂತಿಯನ್ನು ಸಣ್ಣ ಚೌಕಟ್ಟಿಗೆ ಬಿಗಿದು ಬಳಸಬೇಕು. ಕಲ್ಲು ಪೂರ್ಣವಾಗಿ ನೆನೆದಿರಬೇಕು, ಸೀಳಿಗೆ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಬೆಣಚಿನ ಒಣ ಧೂಳು ಕಲ್ಲುಕೆಲಸದವರ ಶ್ವಾಸಕೋಶಗಳನ್ನು ಗಟ್ಟಿಗಟ್ಟಿಸುವ ಸಿಲಿಕೋಸಿಸ್ ರೋಗಕ್ಕೆ ಕಾರಣ, ಮತ್ತು ಆ ರೋಗ ಒಮ್ಮೆ ಬಂದರೆ ಹೋಗುವಂಥದಲ್ಲ. ಮನೆಯ ಮೂಲೆಯಲ್ಲಿ ಅರ್ಧ ಗಂಟೆಯ ಕೆಲಸವಾದರೂ ಒದ್ದೆಯಾಗಿಯೇ, ಮೂಗಿಗೆ ತಕ್ಕ ಮುಸುಕು ಹಾಕಿಕೊಂಡೇ ಮಾಡತಕ್ಕದ್ದು. ತಂತಿ ಆಚೆಯ ಮುಖದಿಂದ ಹೊರಬೀಳುವ ಕಡೆಯಲ್ಲಿ ಕಣಗಳಿಗೆ ಹಿಂದಿನ ಆಸರೆಯಿಲ್ಲದೆ ಅಂಚು ಚಕ್ಕೆಯೇಳುವುದುಂಟು. ಆ ಮುಖಕ್ಕೆ ಮರದ ತುಂಡೊಂದನ್ನು ಒತ್ತಿ ಕಟ್ಟಿ, ಕಲ್ಲನ್ನೂ ಮರವನ್ನೂ ಕೂಡಿಯೇ ಕೊಯ್ದುಬಿಟ್ಟರೆ ಅಂಚು ಉಳಿಯುತ್ತದೆ.